ಮೊಬೈಲಲ್ಲಿ ಬಟನ್ ಒತ್ತಿದ್ರೆ ತಡವಾಗ್ತಿತ್ತು, ಸರಿ ಮಾಡಿದ್ದು ಹೀಗೆ

ದಾವಣಗೆರೆಲಿ ಒಂದು ಬೆಣ್ಣೆದೋಸೆ ಹೋಟ್ಲಿಗೆ ಆರ್ಡರ್ ತಗೊಳ್ಳೋ ವೆಬ್ ಪೇಜ್ ಮಾಡಿಕೊಟ್ಟಿದ್ದೆ. ಪ್ಲಸ್ ಒತ್ತಿದ್ರೆ ಸುಮಾರು 300 ಮಿಲಿಸೆಕೆಂಡ್ ಬಿಟ್ಟು ನಂಬರ್ ಏರ್ತಿತ್ತು, ಸಪ್ಲೈಯರ್ ಹುಡುಗ ಒತ್ತಿಲ್ಲ ಅನ್ಕೊಂಡು ಇನ್ನೊಂದ್ಸಲ ಒತ್ತೋನು, ಒಂದು ಖಾಲಿ ದೋಸೆ ಹೋಗಿ ಎರಡಾಗೋದು, ಇಲ್ಲಾಂದ್ರೆ ಪೇಜೇ ಝೂಮ್ ಆಗ್ಬಿಡೋದು.

ಜಾವಾಸ್ಕ್ರಿಪ್ಟ್ ಕಡಿಮೆ ಮಾಡಿ ನೋಡ್ದೆ, ಏನೂ ಆಗ್ಲಿಲ್ಲ. ಕ್ಲಿಕ್ ಬದ್ಲು, ಬೆರಳು ತಾಕಿದ ಕೂಡ್ಲೇ ಕೆಲಸ ಮಾಡೋ ಟಚ್‌ಸ್ಟಾರ್ಟ್ ಹಾಕಿದ್ರೆ ಸ್ಪೀಡೇನೋ ಬಂತು, ಆದ್ರೆ ಸ್ಕ್ರಾಲ್ ಮಾಡೋಕೆ ಬೆರಳಿಟ್ರೂ ದೋಸೆ ಸೇರ್ಕೊಳ್ಳೋದು. ಫಾಸ್ಟ್‌ಕ್ಲಿಕ್ ಅನ್ನೋ ರೆಡಿಮೇಡ್ ಕೋಡ್ ಲೈಬ್ರರಿ ಈ ತಡಕ್ಕೆ ಹಳೇ ಕಾಲದ ಮದ್ದು, ಹಾಕಿ ತೆಗ್ದೆ. ಝೂಮೇ ಬಂದ್ ಮಾಡೋ ಯೂಸರ್-ಸ್ಕೇಲೆಬಲ್=ನೋ ಬೇಡ ಅಂತ ಬಿಟ್ಟೆ, ಐಒಎಸ್ 10ರಿಂದ ಸಫಾರಿ ಅದನ್ನ ಕೇಳೋದೇ ಇಲ್ಲ, ಕಣ್ಣು ಮಂಜಾದೋರಿಗೆ ಝೂಮ್ ಬೇಕು ಕೂಡ.

ಅಸಲಿಗೆ ಡಬಲ್ ಟ್ಯಾಪ್ ಝೂಮ್ ಇರಬಹುದೇನೋ ಅಂತ ಬ್ರೌಸರ್ ಎರಡನೇ ಟ್ಯಾಪಿಗೆ ಕಾಯ್ತದೆ. ಆಂಡ್ರಾಯ್ಡ್ ಕ್ರೋಮ್ 32, ಐಒಎಸ್ 9.3 ಆದ್ಮೇಲೆ ವ್ಯೂಪೋರ್ಟಲ್ಲಿ (ಪೇಜ್ ಎಷ್ಟು ಅಗಲ ಅಂತ ಬ್ರೌಸರಿಗೆ ಹೇಳೋ ಟ್ಯಾಗು) ವಿಡ್ತ್=ಡಿವೈಸ್-ವಿಡ್ತ್, ಅಂದ್ರೆ ಫೋನಿನಷ್ಟೇ ಅಗಲ ಅಂತ ಇದ್ರೆ ಕಾಯಲ್ಲ. ನನ್ನ ಪೇಜಲ್ಲಿ ಅದಿತ್ತು! ವ್ಯೂ ಸೋರ್ಸ್ ಒತ್ತಿ ಪೇಜಿನ ಕೋಡ್ ತೆಗೆದು ನೋಡಿದ್ರೆ ಅದ್ರ ಕೆಳಗೆ ಹಳೇ ಟೆಂಪ್ಲೇಟಿಂದ ಬಂದಿರೋ ಇನ್ನೊಂದು ವ್ಯೂಪೋರ್ಟ್ ಟ್ಯಾಗು, ವಿಡ್ತ್=1024. ಎರಡಿದ್ರೆ ಕೊನೇದೇ ಗೆಲ್ಲೋದು.

ಮೊದ್ಲು ಆ ಎರಡನೇ ಟ್ಯಾಗ್ ಕಿತ್ತಾಕ್ದೆ. ಆಮೇಲೆ 1024 ಪಿಕ್ಸೆಲ್ ಅಂತ ಫಿಕ್ಸ್ ಮಾಡಿದ್ದ ಮೆನು ಟೇಬಲ್ಲಿಗೆ ವಿಡ್ತ್ 100% ಕೊಟ್ಟೆ, ಇಲ್ಲಾಂದ್ರೆ ಅದು ಸ್ಕ್ರೀನ್ ಹೊರಗೆ ಹೋಗ್ತದೆ. ಟಚ್‌ಸ್ಟಾರ್ಟ್ ತೆಗೆದು ವಾಪಸ್ ಕ್ಲಿಕ್. ಕೊನೆಗೆ ಸಿಎಸ್‌ಎಸ್‌ನಲ್ಲಿ (ಪೇಜ್ ಹೇಗೆ ಕಾಣ್ಬೇಕು ಅಂತ ಹೇಳೋ ಕೋಡ್) ಬಟನ್, ಲಿಂಕ್, ಲೇಬಲ್ ಮೂರಕ್ಕೂ ಟಚ್-ಆಕ್ಷನ್: ಮ್ಯಾನಿಪ್ಯುಲೇಶನ್, ಇದ್ರಿಂದ ಪಟಪಟ ಅಂತ ಪ್ಲಸ್ ಒತ್ತಿದ್ರೂ ಝೂಮ್ ಆಗಲ್ಲ, ಎರಡು ಬೆರಳಿನ ಝೂಮ್ ಮಾತ್ರ ಹಾಗೇ ಇರ್ತದೆ.