ರಿಪೋರ್ಟ್ ಹೊಡುದ್ರೆ ನಮ್ ಹೆಸ್ರು ಆಚೆ ಹೋಗುತ್ತಾ?

ನಮ್ದು ತುಮಕೂರಲ್ಲಿ ಬಸ್ ಸ್ಟ್ಯಾಂಡಿಂದ ನಡ್ಕೊಂಡ್ ಬರೋ ದೂರದಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗ್ಡಿ, ಜೊತೆಗೆ ರೀಚಾರ್ಜು, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟು ಎಲ್ಲಾ. ಕಾಲೇಜ್ ಹುಡುಗ್ರು ಜಾಸ್ತಿ ಬರ್ತಾರೆ. ಹಾಲ್ ಟಿಕೆಟ್ ಪ್ರಿಂಟ್ ತಗೊಂಡು, ದುಡ್ಡೂ ಕೊಟ್ಟು, ಆದ್ರೂ ಹೋಗ್ದೆ ಕೌಂಟರ್ ಹತ್ರನೇ ಅಕ್ಕಪಕ್ಕ ನೋಡ್ಕೊಂಡು ನಿಂತಿದ್ರೆ ನಂಗೆ ಗೊತ್ತಾಗೋಗುತ್ತೆ, ಈಗ ಅದನ್ನೇ ಕೇಳ್ತಾರೆ ಅಂತ. "ಅಣ್ಣ, ಇನ್‌ಸ್ಟಾದಲ್ಲಿ ಒಬ್ಬನ್ನ ರಿಪೋರ್ಟ್ ಹೊಡುದ್ರೆ ಅವ್ನಿಗೆ ನಾನೇ ಅಂತ ಗೊತ್ತಾಗುತ್ತಾ?"

ಆಪ್ ಅಂತೂ ಹೇಳಲ್ಲ ಕಣಮ್ಮ, ಆದ್ರೆ ನೀನೇ ಹೇಳ್ಬಿಡ್ತೀಯ, ಹುಷಾರು ಅಂತೀನಿ. ದಿನಾ ಇದನ್ನ ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೆ ಒಂದ್ಸಲ ಬರ್ದೇ ಹಾಕ್ಬಿಡೋಣ ಅಂತ ಕೂತಿದೀನಿ.

ಮೊದ್ಲು ಆಪ್‌ಗಳ ಕಥೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಯೂಟ್ಯೂಬ್, ಎಕ್ಸ್, ಎಲ್ಲಾದ್ರಲ್ಲೂ ಮಾಮೂಲಿ ರಿಪೋರ್ಟ್ ಹೊಡುದ್ರೆ ಆ ಕಡೆಯವ್ನಿಗೆ ನಿಮ್ ಹೆಸ್ರು ಹೋಗಲ್ಲ. ಪೋಸ್ಟ್ ತೆಗುದ್ರೆ "ನಿಮ್ ಪೋಸ್ಟು ಇಂಥ ರೂಲ್ಸ್ ಮುರೀತು, ತೆಗ್ದಿದೀವಿ" ಅಂತ ಅವ್ನಿಗೊಂದು ಮೆಸೇಜ್ ಹೋಗುತ್ತೆ, ಯಾರು ಹೇಳಿದ್ರು ಅಂತ ಅದ್ರಲ್ಲಿ ಇರಲ್ಲ. ವಾಟ್ಸಾಪಲ್ಲೂ ಹಂಗೇ, ಆದ್ರೆ ಅಲ್ಲಿ ಒಂದು ವಿಷ್ಯ ತಿಳ್ಕೊಂಡಿರಿ, ನೀವು ರಿಪೋರ್ಟ್ ಮಾಡಿದ ತಕ್ಷಣ ಅವ್ನು ನಿಮಗೆ ಕಳ್ಸಿರೋ ಕೊನೇ 5 ಮೆಸೇಜು ವಾಟ್ಸಾಪ್ ಕಂಪನಿಗೆ ಹೋಗುತ್ತೆ. ಅಂದ್ರೆ ಅವ್ನು ನಿನ್ನೆ ಹೊಲಸು ಕಳ್ಸಿ ಇವತ್ತು "ಸಾರಿ", "ಪ್ಲೀಸ್", "ಹಾಯ್", "ಹಾಯ್", "ಹಾಯ್" ಅಂತ ಐದು ಹಾಕಿದ್ರೆ ಕಂಪನಿಗೆ ಹೋಗೋದು ಆ ಸಾರಿ ಪ್ಲೀಸೇ. ಅದಕ್ಕೆ ಆ ಹೊಲಸು ಮೆಸೇಜ್ ಮೇಲೇ ಬೆರಳು ಒತ್ತಿ ಹಿಡ್ಕೊಂಡು, ಅದೊಂದನ್ನೇ ಆರಿಸಿ, ಅಲ್ಲಿಂದ ರಿಪೋರ್ಟ್ ಕೊಡಿ. ಇನ್ನೊಂದು, ರಿಪೋರ್ಟ್ ಅಂತ ಒತ್ತಿದಾಗ ಬ್ಲಾಕ್ ಮಾಡಿ ಚಾಟ್ ಡಿಲೀಟ್ ಮಾಡ್ಲಾ ಅಂತ ಒಂದು ಟಿಕ್ ಇರುತ್ತೆ ನೋಡಿ, ಅದನ್ನ ತೆಗೀರಿ. ಎಷ್ಟ್ ಜನ ಸಿಟ್ಟಲ್ಲಿ ಓಕೆ ಒತ್ತಿ ಸಾಕ್ಷಿನೆಲ್ಲಾ ಕಳ್ಕೊಂಡು ಆಮೇಲೆ "ಅಣ್ಣ ವಾಪಸ್ ತರ್ಸಕಾಗುತ್ತಾ" ಅಂತ ಬಂದಿದಾರೋ ಲೆಕ್ಕ ಇಲ್ಲ.

ಹೆಸ್ರು ಹೋಗೋ ಜಾಗ ಯಾವ್ದು ಅಂದ್ರೆ ಕಾಪಿರೈಟು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ ಕಡೆ ಮದುವೆ ಫೋಟೋ ತೆಗೆಯೋ ಹುಡುಗ್ನೊಬ್ಬ ಇದಾನೆ, ಅವ್ನು ದೇವರಾಯನದುರ್ಗದಲ್ಲಿ ತೆಗ್ದ ಪ್ರೀ ವೆಡ್ಡಿಂಗ್ ಫೋಟೋನ ಇನ್ಯಾರೋ ತಮ್ದೇ ಅಂತ ಹಾಕ್ಕೊಂಡಿದ್ರು. ಇವ್ನು ಕಾಪಿರೈಟ್ ಫಾರಂ ತುಂಬ್ದ, ಫೋಟೋನೂ ಹೋಯ್ತು, ಆದ್ರೆ ಇವ್ನ ಹೆಸ್ರು, ಇಮೇಲು ಎರಡೂ ಆ ಕಡೆಗೆ ಹೋಯ್ತು. ಫೇಸ್‌ಬುಕ್ಕು, ಇನ್‌ಸ್ಟಾ ಎರಡ್ರಲ್ಲೂ ಕಾಪಿರೈಟ್, ಟ್ರೇಡ್‌ಮಾರ್ಕ್ ಕಂಪ್ಲೇಂಟಲ್ಲಿ ಹಂಗೇ, ಯಾರು ಕ್ಲೇಮ್ ಮಾಡಿದ್ರು ಅಂತ ಎದುರಿನವ್ನಿಗೆ ತಿಳಿಸ್ತಾರೆ. ಯೂಟ್ಯೂಬಲ್ಲಂತೂ ತೆಗ್ದಿರೋ ವಿಡಿಯೋ ಜಾಗದಲ್ಲಿ ಯಾರ ಕ್ಲೇಮಿಂದ ಹೋಯ್ತು ಅಂತ ಊರಿಗೆಲ್ಲಾ ಕಾಣೋ ಹಂಗೆ ಹಾಕ್ತಾರೆ. ತಪ್ಪೇನಿಲ್ಲ ಬಿಡಿ, ನಂದು ಅಂತ ಹೇಳ್ಕೊಳೋನು ಹೆಸ್ರು ಹೇಳ್ಲೇಬೇಕಲ್ವಾ. ಆದ್ರೆ ಬ್ಯಾಂಕಿಗೆ ಕೊಟ್ಟಿರೋ ಇಮೇಲ್ ಅಲ್ಲಿ ಹಾಕ್ಬೇಡಿ, ಸ್ಟುಡಿಯೋಗೆ ಅಂತ ಬೇರೆ ಒಂದು ಮಾಡ್ಕೊಳ್ಳಿ. ನಿಮ್ ಸ್ವಂತ ಫೋಟೋನ ಯಾರೋ ಕೆಟ್ದಾಗಿ ಬಳಸ್ತಿದಾರೆ, ನಿಮ್ ಹೆಸ್ರು ಹೋಗ್ಬಾರ್ದು ಅಂದ್ರೆ ಕಾಪಿರೈಟ್ ದಾರಿಗೇ ಹೋಗ್ಬೇಡಿ, ಕಿರುಕುಳ, ನಗ್ನತೆ, ನಕಲಿ ಖಾತೆ ಅಂತ ಬೇರೆ ಆಯ್ಕೆಗಳಿರುತ್ತೆ, ಅದ್ರಲ್ಲಿ ಹೋಗಿ.

ಹೆಸ್ರು ಹೋಗೋ ಎರಡ್ನೇ ಜಾಗ ಫೇಸ್‌ಬುಕ್ ಗ್ರೂಪು. ಅಲ್ಲಿ ಪೋಸ್ಟ್ ಮೇಲೆ ಮೂರ್ ಚುಕ್ಕೆ ಒತ್ತಿದ್ರೆ ಫೇಸ್‌ಬುಕ್‌ಗೆ ರಿಪೋರ್ಟ್ ಮಾಡೋದು ಬೇರೆ, ಗ್ರೂಪ್ ಅಡ್ಮಿನ್‌ಗೆ ರಿಪೋರ್ಟ್ ಮಾಡೋದು ಬೇರೆ. ಅಡ್ಮಿನ್‌ಗೆ ಅಂತ ಕೊಟ್ರೆ ಯಾರು ಕೊಟ್ರು ಅಂತ ಅಡ್ಮಿನ್‌ಗೆ ಕಾಣುತ್ತೆ. ನಮ್ ಊರಿನ ಗ್ರೂಪುಗಳಲ್ಲಿ ಅಡ್ಮಿನ್ ಅಂದ್ರೆ ಯಾರು ಹೇಳಿ, ಪೋಸ್ಟ್ ಹಾಕ್ದೋನ ಭಾವಮೈದನೇ ಆಗಿರ್ತಾನೆ.

ಈಗ ನನ್ ಸ್ವಂತ ಅನುಭವ, ಇದನ್ನ ಹೇಳಕ್ಕೆ ಸ್ವಲ್ಪ ನಾಚ್ಕೆ. ಇನ್‌ಸ್ಟಾದಲ್ಲಿ ಒಂದು ಕನ್‌ಫೆಶನ್ ಪೇಜಿತ್ತು, ಅಂದ್ರೆ ಹೆಸ್ರು ಹೇಳ್ದೆ ಏನ್ ಬೇಕಾದ್ರೂ ಹಾಕ್ಸೋ ಪೇಜು, ಯಾವ್ದು ಅಂತ ಬೇಡ, ಹುಡ್ಗೀರು ರೋಡಲ್ಲಿ ನಡ್ಕೊಂಡ್ ಹೋಗೋದನ್ನ ಹಿಂದಿಂದ ಫೋಟೋ ತೆಗ್ದು ಹಾಕಿ, ಕೆಳ್ಗೆ ಕಾಮೆಂಟಲ್ಲಿ ಬಾಯಿಗ್ ಬಂದಂಗೆ ಬರೀತಿದ್ರು. ಅದ್ರಲ್ಲಿ ನಮ್ ಬೀದಿ ಹುಡ್ಗೀದೂ ಒಂದು ಬಂತು. ನಂಗೆ ರಕ್ತ ಕುದೀತು, ರಿಪೋರ್ಟ್ ಹೊಡ್ದೆ, ಅಷ್ಟಕ್ಕೆ ಸುಮ್ನಿರ್ಬೇಕಿತ್ತು, ಒಂದು ಸ್ಕ್ರೀನ್‌ಶಾಟ್ ತೆಗ್ದು ಫ್ರೆಂಡ್ಸ್ ಗ್ರೂಪಿಗೆ ಹಾಕಿ "ನಾನ್ ಹೊಡ್ದಿದೀನಿ ನೀವೂ ಹೊಡೀರಪ್ಪ" ಅಂದೆ. ಸಾಯಂಕಾಲ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂತಾ ಕೂತಿದೀನಿ, ಒಬ್ಬ ಫೋನ್ ಮಾಡ್ದ, "ಗುರು ಆ ಪೇಜ್‌ನೋರ ಸ್ಟೋರಿ ನೋಡು" ಅಂತ. ನೋಡುದ್ರೆ ನಂದೇ ಸ್ಕ್ರೀನ್‌ಶಾಟು! ಕೆಳ್ಗಡೆ ಬಲಮೂಲೇಲಿ ಇನ್‌ಸ್ಟಾ ಆಪಲ್ಲಿ ನಮ್ ಪ್ರೊಫೈಲ್ ಫೋಟೋ ಸಣ್ಣ ರೌಂಡಲ್ಲಿ ಇರುತ್ತಲ್ಲ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಬುಲೆಟ್ ಮೇಲೆ ಕೂತಿರೋ ನನ್ ಮುಖ, ಅದಕ್ಕೆ ಕೆಂಪ್ ಬಾಣ ಹಾಕಿ, ಜೂಮ್ ಮಾಡಿ ಹಾಕಿದ್ರು. ಕಂಪನಿಯವ್ರು ಬಾಯಿ ಬಿಟ್ಟಿರ್ಲಿಲ್ಲ, ನನ್ ಸ್ಕ್ರೀನ್‌ಶಾಟೇ ಬಾಯಿ ಬಿಟ್ಟಿತ್ತು. ಮೂರ್ ದಿನ ಅಂಗ್ಡಿ ನಂಬರಿಗೆ "ಏನ್ ಗುರು ಜೆರಾಕ್ಸ್ ಜೊತೆ ಇದೂ ಶುರು ಮಾಡ್ಕೊಂಡ್ಯಾ" ಅಂತ ಮೆಸೇಜು. ನನ್ ಬಿಡಿ, ಆ ಹುಡ್ಗಿ ಮನೇಗೆ ಯಾರ್ಯಾರೋ ಹೋಗಿ "ಆ ಫೋಟೋ ನಿಮ್ ಹುಡ್ಗೀದೇ ಅಂತೆ" ಅಂದ್ರು, ಅದೇ ನಂಗೆ ಜಾಸ್ತಿ ಬೇಜಾರಾಗಿದ್ದು.

ಅವತ್ತಿಂದ ಸ್ಕ್ರೀನ್‌ಶಾಟ್ ಅಂದ್ರೆ ನಾನ್ ಹಿಂಗ್ ನೋಡ್ತೀನಿ. ಮೇಲ್ಗಡೆ ಪಟ್ಟೀಲಿ ಟೈಮು, ಬ್ಯಾಟರಿ, ಯಾವ್ ಸಿಮ್ಮು, ಯಾವ್ ಯಾವ್ ಆಪ್ ನೋಟಿಫಿಕೇಶನ್ನು. ಪ್ರೊಫೈಲಲ್ಲಿ ಬಯೋ ಕೆಳ್ಗೆ "ಇಂಥವ್ರು ಫಾಲೋ ಮಾಡ್ತಿದಾರೆ" ಅಂತ ನಿಮ್ ಫ್ರೆಂಡ್ಸ್ ಎರಡ್ಮೂರು ಹೆಸ್ರು ತೋರ್ಸುತ್ತೆ, ಆ ಹೆಸ್ರು ನೋಡೇ ಯಾರ ಫೋನಿಂದ ಬಂತು ಅಂತ ಕಂಡ್ಹಿಡೀಬೋದು. ಕಾಮೆಂಟ್ ಬರೆಯೋ ಡಬ್ಬದ ಪಕ್ಕ ನಿಮ್ ಡಿಪಿ. ನೀವು ಲೈಕ್ ಮಾಡಿದ್ರೆ ಕೆಂಪಾಗಿರೋ ಹಾರ್ಟು. ಇದೆಲ್ಲಾ ಕಟ್ ಮಾಡಿ, ಬೇಕಾಗಿರೋ ತುಂಡು ಮಾತ್ರ ಇನ್ನೊಬ್ರಿಗೆ ತೋರ್ಸಿ. ಬಣ್ಣದ ಪೆನ್ನಲ್ಲಿ ಗೀಚೋರು ಹೈಲೈಟರ್ ತರದ್ದು ಬಳಸ್ಬೇಡಿ, ಬ್ರೈಟ್‌ನೆಸ್ ಏರಿಸಿದ್ರೆ ಕೆಳ್ಗಿರೋದು ಕಾಣುತ್ತೆ, ಕ್ರಾಪೇ ವಾಸಿ. ಆದ್ರೆ ಕಟ್ ಮಾಡ್ದೇ ಇರೋ ಒರಿಜಿನಲ್ ಡಿಲೀಟ್ ಮಾಡ್ಬೇಡಿ, ನಾಳೆ ಪೊಲೀಸ್ ಕಡೆ ಹೋದ್ರೆ ಪೂರ್ತಿ ಇರೋದೇ ಬೇಕು, ತಾರೀಕು, ಟೈಮು, ಯೂಸರ್ ನೇಮ್ ಸಮೇತ. ಊರಿಗೊಂದು, ಠಾಣೆಗೊಂದು ಅಂತ ಇಟ್ಕೊಳ್ಳಿ.

ಸ್ಕ್ರೀನ್‌ಶಾಟ್ ತೆಗುದ್ರೆ ಅವ್ನಿಗೆ ಗೊತ್ತಾಗುತ್ತಾ ಅಂತಾನೂ ಕೇಳ್ತಾರೆ. ಸ್ನಾಪ್‌ಚಾಟಲ್ಲಿ ಹೌದು. ಇನ್‌ಸ್ಟಾದಲ್ಲಿ ಪೋಸ್ಟು, ಸ್ಟೋರಿಗೆ ಇಲ್ಲ, ಆದ್ರೆ ಡಿಎಂನಲ್ಲಿ, ಅಂದ್ರೆ ಖಾಸಗಿ ಮೆಸೇಜಲ್ಲಿ, ಒಂದ್ಸಲ ನೋಡಿದ್ರೆ ಮಾಯ ಆಗೋ ಫೋಟೋ ಇರುತ್ತಲ್ಲ, ಅದಕ್ಕೆ ಹಿಂದೆ ಗೊತ್ತಾಗೋದು, ಈಗ ಸ್ಕ್ರೀನ್‌ಶಾಟ್ ತೆಗೆಯೋಕೇ ಬಿಡಲ್ಲ. ಹಂಗಿದ್ರೆ ಇನ್ನೊಂದ್ ಫೋನಲ್ಲಿ ಸ್ಕ್ರೀನ್ ಫೋಟೋ ತೆಗೀರಿ, ಅಷ್ಟೇ. ಮತ್ತೆ ಸ್ಟೋರಿ ನೋಡುದ್ರೇನೇ ನೋಡಿದೋರ ಲಿಸ್ಟಲ್ಲಿ ನಿಮ್ ಹೆಸ್ರು ಬರುತ್ತೆ. ರಿಪೋರ್ಟ್ ಹೊಡ್ದ ಮೇಲೆ ಹೋಯ್ತಾ ಇಲ್ವಾ ಅಂತ ಅರ್ಧ ಗಂಟೆಗೊಂದ್ಸಲ ಅವ್ನ ಸ್ಟೋರಿ ಇಣುಕೋರು ಇದಾರೆ, ಅವ್ರನ್ನ ಕಂಡ್ಹಿಡಿಯೋಕೆ ಪತ್ತೇದಾರನೇ ಬೇಡ. ಸೆಟ್ಟಿಂಗ್ಸಲ್ಲಿ ಹೆಲ್ಪ್ ಒಳಗೆ ಸಪೋರ್ಟ್ ರಿಕ್ವೆಸ್ಟ್ ಅಂತ ಇರುತ್ತೆ, ನಿಮ್ ರಿಪೋರ್ಟ್ ಏನಾಯ್ತು ಅಂತ ಅಲ್ಲೇ ಕೂತು ನೋಡ್ಕೊಳ್ಳಿ.

ಲಿಂಕ್ ಕಳ್ಸೋದ್ರಲ್ಲೂ ಒಂದು ಕಿತಾಪತಿ ಇದೆ. ಇನ್‌ಸ್ಟಾದಲ್ಲಿ ಶೇರ್ ಒತ್ತಿ ಲಿಂಕ್ ಕಾಪಿ ಮಾಡಿದ್ರೆ ಕೊನೇಲಿ ಒಂದು ಪ್ರಶ್ನೆ ಚಿಹ್ನೆ, ಅದಾದ್ಮೇಲೆ ಉದ್ದಕ್ಕೆ ಅರ್ಥ ಆಗ್ದಿರೋ ಅಕ್ಷರ ಬರುತ್ತೆ. ಯಾರು ಶೇರ್ ಮಾಡಿದ್ರು ಅನ್ನೋ ಗುರುತಿಗೆ ಅದು. ಯೂಟ್ಯೂಬ್ ಲಿಂಕಲ್ಲೂ ಇರುತ್ತೆ. ಇನ್‌ಸ್ಟಾ ಲಿಂಕಲ್ಲಿ ಪ್ರಶ್ನೆ ಚಿಹ್ನೆಯಿಂದ ಹಿಡ್ದು ಕೊನೇವರ್ಗೂ ಅಳಿಸಿ ಕಳ್ಸಿ, ಲಿಂಕ್ ಆಗ್ಲೂ ಕೆಲ್ಸ ಮಾಡುತ್ತೆ.

"ಎಲ್ರೂ ಸೇರಿ ಹೊಡೀರಿ" ಅನ್ನೋ ಚಾಳಿ ಬಗ್ಗೆ. ನೂರು ಜನ ಹೊಡುದ್ರೆ ಐಡಿ ಎಗರೋಗುತ್ತೆ ಅಂತ ನಮ್ ಹುಡುಗ್ರಿಗೆ ಒಂದು ನಂಬಿಕೆ, ಎಷ್ಟ್ ರಿಪೋರ್ಟ್ ಬಂತು ಅನ್ನೋದ್ರ ಮೇಲೆ ನಾವು ತೀರ್ಮಾನ ಮಾಡಲ್ಲ ಅಂತ ಕಂಪನಿಯವ್ರೇ ಹೇಳ್ತಾರೆ. ರೂಲ್ಸ್ ಮುರ್ದಿದ್ರೆ ಒಂದೇ ಸಾಕು. ಅದಕ್ಕೆ ಯಾವ್ ಕಾರಣ ಆರಿಸ್ತೀರ ಅನ್ನೋದು ಮುಖ್ಯ, ಬೆದರಿಕೆಗೆ ಸ್ಪ್ಯಾಮ್ ಅಂತ ಒತ್ತಿದ್ರೆ ಏನೂ ಆಗಲ್ಲ, ಇಡೀ ಖಾತೆ ಬದ್ಲು ಆ ಒಂದು ಪೋಸ್ಟ್ ಅಥವಾ ಕಾಮೆಂಟ್ ಮೇಲೇ ರಿಪೋರ್ಟ್ ಕೊಟ್ರೆ ಇನ್ನೂ ಒಳ್ಳೇದು. ನೂರು ಜನಕ್ಕೆ ಹೇಳೋದ್ರಿಂದ ಆಗೋದು ಒಂದೇ, ನೂರು ಜನ ಆ ಫೋಟೋ ನೋಡ್ತಾರೆ, ಅದ್ರಲ್ಲಿ ಒಬ್ಬ ಅವ್ನಿಗೆ ಹೋಗಿ ಊದ್ತಾನೆ. ಇನ್ನು "500 ರೂಪಾಯಿ ಕೊಡಿ ಐಡಿ ಎಗರಿಸಿ ಕೊಡ್ತೀನಿ" ಅನ್ನೋ ಟೆಲಿಗ್ರಾಮ್ ವೀರರ ಹತ್ರ ಹೋಗ್ಲೇಬೇಡಿ, ದುಡ್ಡೂ ಹೋಗುತ್ತೆ, ನಿಮ್ ಸಮಸ್ಯೆ ಏನು ಅಂತ ಅವ್ನಿಗೂ ಗೊತ್ತಾಗುತ್ತೆ.

ಆಪ್ ಕಡೆಯಿಂದ ಏನೂ ಹೋಗ್ದಿದ್ರೂ ಅವ್ನು ಲೆಕ್ಕ ಹಾಕ್ಬೋದು, ಇದನ್ನ ಮರೀಬೇಡಿ. ಪ್ರೈವೇಟ್ ಅಕೌಂಟು, ಕ್ಲೋಸ್ ಫ್ರೆಂಡ್ಸ್ ಸ್ಟೋರಿ, ನೋಡೋದೇ ಏಳು ಜನ, ಬೆಳಗ್ಗೆ ಜಗಳ ಆಗಿದೆ, ಮಧ್ಯಾಹ್ನ ಸ್ಟೋರಿ ಹೋಯ್ತು ಅಂದ್ರೆ ಅವ್ನೇನು ದಡ್ಡನಾ. ಅಂಥ ಕಡೆ ಒಂದಿನ ಬಿಟ್ಟು ಹೊಡೀರಿ, ತೀರಾ ಅರ್ಜೆಂಟ್ ಇಲ್ದಿದ್ರೆ. ಬ್ಲಾಕ್ ಮಾಡೋದೂ ಒಂದು ಸುಳಿವೇ, ಹುಡುಕುದ್ರೆ ನೀವ್ ಸಿಗಲ್ವಲ್ಲ. ಇನ್‌ಸ್ಟಾದಲ್ಲಿ ರಿಸ್ಟ್ರಿಕ್ಟ್ ಅಂತ ಇದೆ, ಅದನ್ನ ಹಾಕಿದ್ರೆ ಅವ್ನಿಗೆ ಗೊತ್ತಾಗಲ್ಲ, ನಿಮ್ ಪೋಸ್ಟ್ ಕೆಳ್ಗೆ ಅವ್ನು ಹಾಕಿದ ಕಾಮೆಂಟು ನೀವು ಬಿಡೋವರ್ಗೂ ಬೇರೆಯವ್ರಿಗೆ ಕಾಣಲ್ಲ. ಸಂಬಂಧಿಕ್ರಿಗೆ ನಾನು ಇದನ್ನೇ ಹಾಕಿರೋದು, ಹಬ್ಬದ ದಿನ ಮುಖ ನೋಡ್ಬೇಕಲ್ಲ.

ನಿಮ್ ಹೆಸ್ರಲ್ಲಿ ಯಾರಾದ್ರೂ ನಕಲಿ ಖಾತೆ ಮಾಡಿದ್ರೆ ಫಾರಂನಲ್ಲಿ ಸರ್ಕಾರಿ ಐಡಿ ಕೇಳ್ತಾರೆ. ಅದು ಕಂಪನಿಗೆ ಹೋಗೋದು, ನಕಲಿಯವ್ನಿಗಲ್ಲ. ಆಧಾರ್ ಕೊಡೋದಾದ್ರೆ ಕೊನೇ 4 ನಂಬರ್ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಇಳಿಸ್ಕೊಳ್ಳಿ, ಆಧಾರ್ ಕೊಡೋ ಯುಐಡಿಎಐ ವೆಬ್‌ಸೈಟಲ್ಲೇ ಸಿಗುತ್ತೆ. ಆಪಲ್ಲಿ ರಿಪೋರ್ಟ್ ಕೊಟ್ಟು ಕೆಲ್ಸ ಆಗ್ದಿದ್ರೆ ಪ್ರತಿ ದೊಡ್ಡ ಕಂಪನಿಗೂ ಇಂಡಿಯಾದಲ್ಲಿ ಗ್ರೀವೆನ್ಸ್ ಆಫೀಸರ್, ಅಂದ್ರೆ ದೂರು ಕೇಳೋ ಅಧಿಕಾರಿ, ಇರ್ಲೇಬೇಕು, 2021ರ ಐಟಿ ರೂಲ್ಸ್ ಅದು. ನಗ್ನ ಫೋಟೋ, ಮಾರ್ಫ್ ಮಾಡಿರೋ, ಅಂದ್ರೆ ತಿದ್ದಿ ಬದಲಾಯಿಸಿರೋ ಫೋಟೋ, ನಕಲಿ ಖಾತೆ ಅಂತ ನೊಂದವ್ರು ಅಥವಾ ಅವ್ರ ಪರವಾಗಿ ಇನ್ನೊಬ್ರು ಕಂಪ್ಲೇಂಟ್ ಕೊಟ್ರೆ 24 ಗಂಟೆ ಒಳಗೆ ತೆಗೆಯೋಕೆ ಕ್ರಮ ತಗೋಬೇಕು ಅಂತ ಆ ರೂಲ್ಸ್ ಬಂದಾಗ್ಲೇ ಇಟ್ಟಿದ್ರು. ಅವ್ರ ಉತ್ತರ ಸರಿ ಇಲ್ಲ ಅಂದ್ರೆ 30 ದಿನದ ಒಳಗೆ ಸರ್ಕಾರದ ಗ್ರೀವೆನ್ಸ್ ಅಪಲೇಟ್ ಕಮಿಟಿಗೆ ಆನ್‌ಲೈನಲ್ಲೇ ಅಪೀಲು ಹಾಕ್ಬೋದು. ಇಲ್ಲೆಲ್ಲಾ ನಿಮ್ ಹೆಸ್ರು, ಇಮೇಲು ಕೊಡ್ಬೇಕಾಗುತ್ತೆ.

ಖಾಸಗಿ ಫೋಟೋ ಹರಡ್ತೀನಿ ಅಂತ ಯಾರಾದ್ರೂ ಹೆದರಿಸ್ತಿದ್ರೆ, ದಯವಿಟ್ಟು ಆ ಫೋಟೋನ ನಂಗಾಗ್ಲಿ ಯಾರಿಗಾಗ್ಲಿ ತೋರ್ಸೋದೇ ಬೇಡ. ಸ್ಟಾಪ್ ಎನ್‌ಸಿಐಐ ಅಂತ ಒಂದು ವೆಬ್‌ಸೈಟಿದೆ, ಅದು ನಿಮ್ ಫೋನಲ್ಲೇ ಆ ಫೋಟೋದ ಬೆರಳಚ್ಚಿನ ತರ ಒಂದು ಕೋಡ್ ಮಾಡುತ್ತೆ, ಕೋಡ್ ಮಾತ್ರ ಹೋಗುತ್ತೆ, ಫೋಟೋ ಫೋನ್ ಬಿಟ್ಟು ಆಚೆ ಹೋಗಲ್ಲ. ಆ ಕೋಡಿಗೆ ಹೊಂದೋ ಫೋಟೋನ ಫೇಸ್‌ಬುಕ್ಕು, ಇನ್‌ಸ್ಟಾ ತರ ಅದ್ರ ಜೊತೆ ಸೇರಿರೋ ಕಂಪನಿಗಳು ಹಿಡೀತವೆ. ಕೇಸ್ ನಂಬರ್, ಪಿನ್ ಕೊಡ್ತಾರೆ, ಬರ್ದಿಟ್ಕೊಳ್ಳಿ. ಇದು 18 ತುಂಬಿದೋರಿಗೆ, ಫೋಟೋ ತೆಗ್ದಾಗ 18 ಆಗಿರ್ಲಿಲ್ಲ ಅಂದ್ರೆ ಟೇಕ್ ಇಟ್ ಡೌನ್ ಅಂತ ಬೇರೆ ಇದೆ, ಅದೂ ಇದೇ ತರ.

ಪೊಲೀಸ್ ಅಂದ್ರೆ ಹೆಸ್ರಿಲ್ದೆ ಕೊಡೋಕಾಗಲ್ವಾ ಅಂತಾರೆ. ಆಗುತ್ತೆ, ಸ್ವಲ್ಪ ಮಟ್ಟಿಗೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನೋ ಪೋರ್ಟಲ್ಲಲ್ಲಿ ಹೆಂಗಸ್ರು ಮಕ್ಕಳಿಗೆ ಸಂಬಂಧಪಟ್ಟಿದ್ದಕ್ಕೆ ಅನಾಮಿಕವಾಗಿ ಕೊಡೋ ಆಯ್ಕೆ ಇದೆ. ಆದ್ರೆ ಅನಾಮಿಕ ಕೊಟ್ರೆ ಆಮೇಲೆ ಅದೇನಾಯ್ತು ಅಂತ ಹಿಂಬಾಲಿಸೋಕಾಗಲ್ಲ, ಮೊಬೈಲ್ ನಂಬರ್ ಕೊಟ್ಟು ಓಟಿಪಿ ಹಾಕಿ ಕೊಟ್ರೆ ಆಗುತ್ತೆ. ದುಡ್ಡು ಹೋಗಿದ್ರೆ ಇದ್ಯಾವ್ದೂ ಯೋಚ್ನೆ ಮಾಡ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿ. ಜಿಲ್ಲೆಗೊಂದು ಸೈಬರ್ ಕೇಸ್ ನೋಡೋ ಸೆನ್ ಪೊಲೀಸ್ ಠಾಣೆ ಇದೆ, ನಮ್ ತುಮಕೂರಲ್ಲೂ ಇದೆ, ಅಲ್ಲಿ ಎಫ್‌ಐಆರ್ ಆದ್ರೆ ದೂರು ಕೊಟ್ಟೋರ ಹೆಸ್ರು ಅದ್ರಲ್ಲಿರುತ್ತೆ, ಆರೋಪಿಗೂ ಅದ್ರ ಪ್ರತಿ ಸಿಗುತ್ತೆ, ಇದನ್ನ ಮೊದ್ಲೇ ತಿಳ್ಕೊಂಡೇ ಹೋಗಿ. ಅತ್ಯಾಚಾರದಂಥ ಕೇಸಲ್ಲಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಕೇಸಲ್ಲಿ ನೊಂದವ್ರ ಗುರುತು ಆಚೆ ಹಾಕೋದು ಅಪರಾಧ, ಅಂಥ ಎಫ್‌ಐಆರ್‌ನ ವೆಬ್‌ಸೈಟಿಗೂ ಹಾಕಲ್ಲ. ಮಗು ವಿಷ್ಯ ಆದ್ರೆ ಮಕ್ಕಳ ಸಹಾಯವಾಣಿ 1098.

ಕೊನೇದಾಗಿ ನಮ್ಮಂಥ ಅಂಗ್ಡಿ ಬಗ್ಗೆನೇ ಹೇಳ್ಬೇಕು. ಕಂಪ್ಲೇಂಟ್ ಪ್ರಿಂಟ್ ತಗೊಳಕ್ಕೆ ಅಂತ ಎಲ್ಲಾ ಸ್ಕ್ರೀನ್‌ಶಾಟು, ಆಧಾರ್ ಸಮೇತ ನನ್ ವಾಟ್ಸಾಪಿಗೆ ಕಳ್ಸಿ, ಪ್ರಿಂಟ್ ಇಸ್ಕೊಂಡು ಹೋಗ್ಬಿಡ್ತಾರೆ. ಅದು ನನ್ ಫೋನಲ್ಲಿ, ಕಂಪ್ಯೂಟರಲ್ಲಿ, ಡೌನ್‌ಲೋಡ್ ಫೋಲ್ಡರಲ್ಲಿ ಮೂರೂ ಕಡೆ ಕೂತಿರುತ್ತೆ, ಸಾಯಂಕಾಲ ನನ್ ಬದ್ಲು ಅಂಗ್ಡೀಲಿ ಕೂರೋ ಹುಡ್ಗ ಅದನ್ನೆಲ್ಲಾ ನೋಡ್ಬೋದು. ಪೆನ್ ಡ್ರೈವಲ್ಲಿ ತನ್ನಿ, ಅದಾಗ್ಲಿಲ್ಲ ಅಂದ್ರೆ ಕೌಂಟರ್ ಈ ಕಡೆ ಬಂದು ನನ್ ಪಕ್ಕದಲ್ಲೇ ನಿಂತ್ಕೊಂಡು ಚಾಟ್ ಡಿಲೀಟ್ ಮಾಡ್ಸಿ, ಫೋಲ್ಡರ್ ಡಿಲೀಟ್ ಮಾಡ್ಸಿ, ರೀಸೈಕಲ್ ಬಿನ್ನೂ ಖಾಲಿ ಮಾಡ್ಸಿ. ಹಿಂದೆ ಕ್ಯೂ ಇದೆ ಅಂತ ನಾನ್ ಮುಖ ಸಿಂಡರಿಸ್ಬೋದು, ಸಿಂಡರಿಸ್ಕೊಳ್ಳಿ ಬಿಡಿ.