ರೈಜನ್ 5600, ಐ5-12400: ಊಟದ ಮೇಜಿನ ಮೇಲೆ ಹತ್ತು ದಿನ

2023ರ ದಸರಾ ರಜೆಯಲ್ಲಿ ದಾವಣಗೆರೆಯ ನಮ್ಮ ಮನೆಯ ಊಟದ ಮೇಜು ಹತ್ತು ದಿನ ಊಟಕ್ಕೆ ಸಿಗಲಿಲ್ಲ. ಅದರ ಮೇಲೆ ಎರಡು ಕಂಪ್ಯೂಟರ್ ಕೂತಿದ್ದವು. ಒಂದು ನನ್ನದು, ಆಗಷ್ಟೇ ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್ (ಕಂಪ್ಯೂಟರಿನ ಮಿದುಳು) ಹಾಕಿದ್ದು. ಇನ್ನೊಂದು ಅಕ್ಕನ ಮಗನದು, ಇಂಟೆಲ್ ಕೋರ್ ಐ5-12400. ಶಿವಮೊಗ್ಗದಲ್ಲಿ ಓದುತ್ತಿರುವ ಹುಡುಗ. ರಜೆ ಮುಗಿಸಿ ತನ್ನ ಮಷಿನ್ ಹೊತ್ತುಕೊಂಡು ಹೋಗುವವನಿದ್ದ. ಬಂದ ದಿನವೇ ಅವನ ಪ್ರಶ್ನೆ: "ಮಾಮ, ಎರಡರಲ್ಲಿ ಯಾವುದು ಫಾಸ್ಟು?"

ನಾನು ಹಗಲು ಲೆಕ್ಕಪತ್ರದವನು. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್ಸ್. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಗೇಮ್. ಇವನ ಪ್ರಶ್ನೆಗೆ ಉತ್ತರ ಹುಡುಕೋದಕ್ಕೆ ಇದಕ್ಕಿಂತ ಒಳ್ಳೆ ಅವಕಾಶ ಸಿಗೋದಿಲ್ಲ ಅನ್ನಿಸಿತು.

ಕಾಗದದ ಮೇಲೆ ಇವೆರಡೂ ಅವಳಿ ಜವಳಿ. ಎರಡೂ 2022ರಲ್ಲಿ ಬಂದವು. ಎರಡಕ್ಕೂ ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಂದೇ ಸಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್. ಬಾಕ್ಸ್ ಮೇಲೆ ಎರಡಕ್ಕೂ 65 ವ್ಯಾಟ್ ಅಂತಲೇ ಬರೆದಿರುತ್ತದೆ. ರೈಜನ್‌ಗೆ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ಚುರುಕು ಮೆಮೊರಿ) 32 ಎಂಬಿ, ಇಂಟೆಲ್‌ಗೆ 18. ಇಂಟೆಲ್‌ನ ಒಂದೊಂದು ಕೋರ್ ಸ್ವಲ್ಪ ಚುರುಕು. ಹಾಗಾಗಿ ಒಂದರ ಕೊರತೆ ಇನ್ನೊಂದರಲ್ಲಿ ತುಂಬಿಹೋಗುತ್ತದೆ.

ನನ್ನ ಕಥೆ ಮೊದಲು ಹೇಳುತ್ತೇನೆ. 2018ರಲ್ಲಿ ನಾನು ಕಟ್ಟಿದ ಮಷಿನ್ ರೈಜನ್ 3 2200ಜಿ, ಬಿ450 ಮದರ್‌ಬೋರ್ಡ್. ನಾಲ್ಕು ಕೋರ್, ನಾಲ್ಕೇ ಥ್ರೆಡ್. ಆಮೇಲೆ ಆಸೆಪಟ್ಟು ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದು, ಆರ್‌ಎಕ್ಸ್ 6600, ತಂದು ಹಾಕಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಾಯ್ತು. ಗೇಮಿನಲ್ಲಿ ಪ್ರೊಸೆಸರ್ ನೂರಕ್ಕೆ ನೂರು ಬೆವರುತ್ತಿತ್ತು, ಕಾರ್ಡ್ ಅರವತ್ತು ಪರ್ಸೆಂಟ್‌ನಲ್ಲಿ ಆರಾಮಾಗಿ ಕೂತಿರುತ್ತಿತ್ತು. ಕಾರು ಓಡಿಸುತ್ತಾ ತಿರುವಿನಲ್ಲಿ ತಿರುಗಿದರೆ ಚಿತ್ರ ಅರೆಕ್ಷಣ ನಿಂತು ಮುಂದೆ ಹೋಗುವುದು. ಮಂಡೆ ಬಿಸಿ.

ಹಳೇ ಬಿ450 ಬೋರ್ಡಿಗೇ 5600 ಕೂರುತ್ತದೆ. ರ‍್ಯಾಮ್ ಹೇಗೂ ಇತ್ತು, ಎಂಟೆಂಟು ಜಿಬಿಯ ಎರಡು ಕಡ್ಡಿ. ನನ್ನ ಖರ್ಚು ಪ್ರೊಸೆಸರ್ ಒಂದೇ, ಹನ್ನೆರಡೂವರೆ ಸಾವಿರ. ಆದರೆ ಮೊದಲು ಬಯಾಸ್, ಅಂದರೆ ಬೋರ್ಡನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಬೇಕು, ಅದೂ ಹಳೇ ಪ್ರೊಸೆಸರ್ ಇನ್ನೂ ಒಳಗಿರುವಾಗಲೇ. ಅದಿಲ್ಲದೆ ಹೊಸದನ್ನು ಹಾಕಿದರೆ ಸ್ಕ್ರೀನ್ ಕಪ್ಪು. ಆ ವರ್ಷ ಮಳೆ ಕೈಕೊಟ್ಟಿತ್ತು, ಅಕ್ಟೋಬರ್‌ನಲ್ಲಿ ಕರೆಂಟು ಯಾವಾಗ ಹೋಗುತ್ತೆ ಹೇಳೋ ಹಾಗಿರಲಿಲ್ಲ. ಬಯಾಸ್ ಬರೆಯುವ ಹೊತ್ತಿಗೆ ಕರೆಂಟು ಹೋದರೆ ಬೋರ್ಡೇ ಹೋಯಿತು ಅಂತ ಲೆಕ್ಕ. ಮೊದಲು ಯುಪಿಎಸ್ ಪ್ಲಗ್ ಕಿತ್ತು, ಮಷಿನ್ ಎಷ್ಟು ಹೊತ್ತು ಉಳಿಯುತ್ತೆ ಅಂತ ಗಡಿಯಾರ ನೋಡಿದೆ. ಏಳು ನಿಮಿಷ. ಸಾಕು ಅನ್ನಿಸಿತು. ಪೆನ್‌ಡ್ರೈವ್ ಚುಚ್ಚಿದೆ, ಕರೆಂಟು ಬಂದು ಅರ್ಧ ಗಂಟೆ ಆಗಿರುವಾಗ ಶುರು ಮಾಡಿದೆ. ಆ ನಾಲ್ಕು ನಿಮಿಷ ಕರೆಂಟು ಹೋಗಲಿಲ್ಲ, ಪುಣ್ಯ.

ಎಡವಟ್ಟು ಆಗಿದ್ದು ಆಮೇಲೆ. ಹಳೇ ಕೂಲರ್‌ನ ನಾಲ್ಕೂ ಸ್ಕ್ರೂ ಬಿಚ್ಚಿ ನೇರ ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನೊಂಚೂರು ಜೋರಾಗಿ ಎಳೆದೆ. ಟಪ್ ಅಂತ ಬಂತು, ಜೊತೆಗೆ ಪ್ರೊಸೆಸರೂ ಬಂತು. ಸಾಕೆಟ್‌ನ ಲಿವರ್ ಇನ್ನೂ ಲಾಕ್ ಆಗೇ ಇತ್ತು! ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿದ್ದ ಐದು ವರ್ಷದ ಪೇಸ್ಟ್ ಒಣಗಿ ಗಾರೆ ಥರ ಕಚ್ಚಿಕೊಂಡಿತ್ತು. ಈ ಎಎಂ4 ಸಾಕೆಟ್ಟಿನ ಪ್ರೊಸೆಸರ್‌ನ ಹೊಟ್ಟೆಯ ಕೆಳಗೆ 1331 ಪಿನ್ ಇರುತ್ತವೆ. ತಿರುಗಿಸಿ ಕಿಟಕಿ ಬೆಳಕಿಗೆ ಹಿಡಿದೆ. ಭತ್ತದ ಸಸಿ ಸಾಲಿನ ಹಾಗೆ ನೀಟಾಗಿ ನಿಂತಿರುವ ಪಿನ್ನುಗಳ ನಡುವೆ ಒಂದು ಮೂಲೆಯಲ್ಲಿ ನಾಲ್ಕು ಮಲಗಿದ್ದವು. ಲೆಡ್ ಪೆನ್ಸಿಲಿನ ಕಡ್ಡಿ ತೆಗೆದು, ಬರೀ ಕೊಳವೆಯ ತುದಿಯನ್ನು ಪಿನ್ನಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡಿದೆ. ಮುಕ್ಕಾಲು ಗಂಟೆ ಹಿಡಿಯಿತು. ಆ ಕೆಲಸಕ್ಕೆ ಅಪ್ಪನ ಓದುವ ಕನ್ನಡಕವೂ ಬೇಕಾಯ್ತು. ಬಾಗಿದ್ದು ಹಳೇ ಚಿಪ್ಪಿನ ಪಿನ್ನು, ಹೊಸದರದ್ದಲ್ಲ. ಅದೇ ಸಮಾಧಾನ. ಮಷಿನ್ ಹತ್ತು ನಿಮಿಷ ಓಡಿಸಿ ಪೇಸ್ಟ್ ಬಿಸಿಯಾದ ಮೇಲೆ, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಆಮೇಲೆ ಎತ್ತಬೇಕಿತ್ತು. ಗೊತ್ತಿತ್ತು, ಅವಸರದಲ್ಲಿ ಮರೆತೆ.

2200ಜಿ ಮತ್ತೆ ಓಡಿತು. ಅದನ್ನು ಪರಿಚಯದ ಹುಡುಗನೊಬ್ಬನಿಗೆ ಎರಡೂವರೆ ಸಾವಿರಕ್ಕೆ ಕೊಟ್ಟೆ. ಆ ಮಾರಾಟದ ವಿಷಯ ಆಮೇಲೆ ಬರುತ್ತದೆ.

ಅಕ್ಕನ ಮಗನ ಹತ್ತಿರ ಹಳೇದು ಏನೂ ಇರಲಿಲ್ಲ, ಎಲ್ಲಾ ಹೊಸದೇ ಆಗಬೇಕು. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ, ಈಗ ದುಡ್ಡಿಲ್ಲ. ಇಬ್ಬರೂ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು. ಅಂಗಡಿಯವರು ಹೇಳಿದ್ದು ಒಂದೇ ಮಾತು: "ಸಾರ್, 12400ಎಫ್ ತಗೊಳಿ, ಎರಡೂವರೆ ಸಾವಿರ ಉಳಿಯುತ್ತೆ. ಹೆಂಗಿದ್ರೂ ಕಾರ್ಡ್ ಹಾಕ್ತೀರಲ್ಲ." ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಆ ಚಿಪ್ಪಿನಲ್ಲಿ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಕಾರ್ಡ್ ಇಲ್ಲದಿದ್ದರೆ ಚಿತ್ರವೇ ಬರೋದಿಲ್ಲ. ಎಫ್ ಇಲ್ಲದ 12400ರಲ್ಲಿ ಯುಎಚ್‌ಡಿ 730 ಅಂತ ಸಣ್ಣ ಗ್ರಾಫಿಕ್ಸ್ ಇರುತ್ತದೆ. ನಮ್ಮ 5600ರಲ್ಲೂ ಗ್ರಾಫಿಕ್ಸ್ ಇಲ್ಲ, ಆದರೆ ಅದಕ್ಕೆ ಎಫ್ ಅಂತ ಹಣೆಬರಹ ಬರೆದಿಲ್ಲ. ಗೊತ್ತಿಲ್ಲದವರು ಅಲ್ಲೇ ಎಡವುತ್ತಾರೆ.

ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5600ಜಿ ಯಾಕೆ ಬೇಡ ಅಂತ ಕೇಳಬಹುದು. ಕಾರ್ಡ್ ಇಲ್ಲದೆ ಆಡುವುದಾದರೆ ಯುಎಚ್‌ಡಿ 730ಗಿಂತ ಅದರ ಗ್ರಾಫಿಕ್ಸ್ ಎಷ್ಟೋ ವಾಸಿ. ಆದರೆ ಅದರ ಎಲ್3 ಕ್ಯಾಶ್ 5600ರ ಅರ್ಧ, 16 ಎಂಬಿ. ಪಿಸಿಐಇ (ಪ್ರೊಸೆಸರ್‌ಗೂ ಕಾರ್ಡಿಗೂ ನಡುವಿನ ದಾರಿ) ಕೂಡ ಹಳೇ 3.0ಕ್ಕೆ ನಿಲ್ಲುತ್ತದೆ. ನಾಳೆ ಕಾರ್ಡ್ ಹಾಕಿದ ಮೇಲೆ ಹಿಂದೆ ಬೀಳುತ್ತದೆ. ಕೊನೆಗೆ ಹದಿನಾರೂವರೆ ಸಾವಿರ ಕೊಟ್ಟು ಎಫ್ ಇಲ್ಲದ 12400 ತಗೊಂಡೆವು. ಜೊತೆಗೆ ಬಿ660 ಬೋರ್ಡ್, ಹತ್ತೂವರೆ ಸಾವಿರ. ಅಂಗಡಿಯವರು ಮುಖ ಸಣ್ಣ ಮಾಡಿಕೊಂಡೇ ಬಿಲ್ ಬರೆದರು.

ಇನ್ನು ಪರೀಕ್ಷೆ. ನನ್ನ ಆರ್‌ಎಕ್ಸ್ 6600 ಕಾರ್ಡನ್ನೇ ಎರಡು ಮಷಿನ್‌ಗೂ ಸರದಿಯಂತೆ ಹಾಕಿದೆ. ಸೈಬರ್‌ಪಂಕ್ 2077, ಜಿಟಿಎ 5, ಆಗಷ್ಟೇ ಬಂದಿದ್ದ ಕೌಂಟರ್ ಸ್ಟ್ರೈಕ್ 2. ಮೊದಲ ಎರಡರೊಳಗೇ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಪರೀಕ್ಷೆ ಇದೆ. ಕೌಂಟರ್ ಸ್ಟ್ರೈಕ್‌ನಲ್ಲಿ ಒಂದೇ ಮ್ಯಾಪು, ಬಾಟ್‌ಗಳ (ಕಂಪ್ಯೂಟರೇ ಆಡಿಸುವ ಆಟಗಾರರ) ಜೊತೆ ಆಟ. ಪ್ರತಿಯೊಂದೂ ಮೂರು ಸಲ, ಮಧ್ಯದ ಅಂಕಿ ಮಾತ್ರ ಬರೆದುಕೊಂಡೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಜೊತೆ ಅತಿ ಕೆಳಗಿನ ಒಂದು ಪರ್ಸೆಂಟ್ ಕೂಡ ನೋಡಿದೆ. ಗೇಮ್ ತಡವರಿಸುವುದು ಗೊತ್ತಾಗೋದು ಅಲ್ಲಿಯೇ.

ಮೊದಲ ದಿನ ಇಂಟೆಲ್ ಸೋತಿತು. ಕೌಂಟರ್ ಸ್ಟ್ರೈಕ್‌ನಲ್ಲಂತೂ ಹೊಗೆ ಬಾಂಬ್ ಬಿದ್ದಾಗ ಗೇಮ್ ಮುಗ್ಗರಿಸುತ್ತಿತ್ತು. ಹುಡುಗನ ಮುಖ ಬಾಡಿತು. "ಮಾಮ, ನಿಮ್ಮ ಮಾತು ಕೇಳಿ ಕೆಟ್ಟೆ" ಅಂತ ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ. ನನಗೂ ಅನುಮಾನ. ಇಷ್ಟು ವ್ಯತ್ಯಾಸ ಬರಬಾರದಲ್ಲ? ಎರಡು ದಿನ ಡ್ರೈವರ್ ಬದಲಿಸಿದೆ, ಕೂಲರ್ ಬಿಚ್ಚಿ ಮತ್ತೆ ಕೂರಿಸಿದೆ. ಅದರ ಒಂದು ಪ್ಲಾಸ್ಟಿಕ್ ಪಿನ್ ಸರಿಯಾಗಿ ಕಚ್ಚಿರಲಿಲ್ಲ, ಅದನ್ನೂ ಒತ್ತಿದೆ. ಬಿಸಿ ಇಳಿಯಿತು, ಮುಗ್ಗರಿಸೋದು ನಿಲ್ಲಲಿಲ್ಲ.

ಮೂರನೇ ದಿನ ಸುಮ್ನೆ ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ಪುಟ ನೋಡಿದೆ. ಅಲ್ಲಿತ್ತು ಕಳ್ಳ. ವೇಗ 2666, ಬಳಸಿದ ಸ್ಲಾಟ್ ನಾಲ್ಕರಲ್ಲಿ ಒಂದು. ಅಂಗಡಿಯಲ್ಲಿ 16 ಜಿಬಿಯ ಒಂದೇ ಕಡ್ಡಿ ಕೊಟ್ಟಿದ್ದರು, ನಾನೂ ಹೂಂ ಅಂದಿದ್ದೆ. ನನ್ನದರಲ್ಲಿ ಎರಡು ಕಡ್ಡಿ, 3200 ವೇಗ. ಎರಡು ಕಡ್ಡಿ ಇದ್ದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ದಾರಿ ಎರಡಾಗುತ್ತದೆ. ಒಂದೇ ಇದ್ದರೆ ಒಂಟಿ ರಸ್ತೆ. ಅದರ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಕಡ್ಡಿಯನ್ನು ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿರಲಿಲ್ಲ, ಹಾಗಾಗಿ 3200ರ ಕಡ್ಡಿ 2666ರಲ್ಲೇ ಓಡುತ್ತಿತ್ತು. ಎರಡು ದಿನ ನಾನು ಇಂಟೆಲ್‌ಗೆ ಮಾಡಿದ್ದು ಶುದ್ಧ ಅನ್ಯಾಯ. ಇಷ್ಟು ವರ್ಷ ಪಕ್ಕದ ಮನೆಯವರ ಕಂಪ್ಯೂಟರ್ ಎಲ್ಲ ರಿಪೇರಿ ಮಾಡಿದವನು ನಾನೇ, ಹೇಳಿಕೊಳ್ಳೋದಕ್ಕೇ ನಾಚಿಕೆ.

ನನ್ನ ಕಡ್ಡಿಗಳನ್ನೇ ಅದಕ್ಕೆ ಹಾಕಿ, ಎಕ್ಸ್‌ಎಂಪಿ ಆನ್ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಈಗ ಎರಡೂ ಸಮ. 1080ಪಿಯಲ್ಲಿ ಸೈಬರ್‌ಪಂಕ್ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಅಂಕಿ. ಕಾರ್ಡ್ 98, 99 ಪರ್ಸೆಂಟ್ ದುಡಿಯುತ್ತಿತ್ತು. ಅಂದರೆ ತಡೆ ಇದ್ದದ್ದು ಕಾರ್ಡಿನಲ್ಲಿ, ಪ್ರೊಸೆಸರ್‌ನಲ್ಲಿ ಅಲ್ಲ. ಹಟ ಬಿಡದೆ ಚಿತ್ರದ ಗಾತ್ರವನ್ನು 720ಪಿಗೆ ಇಳಿಸಿ, ಸೆಟ್ಟಿಂಗ್ ಎಲ್ಲಾ ಕೆಳಗೆ ಹಾಕಿದೆ. ಆಗ ಸ್ವಲ್ಪ ಅಂತರ ಕಂಡಿತು. ಒಂದು ಕಡೆ ಇದು ಮುಂದೆ, ಇನ್ನೊಂದು ಕಡೆ ಅದು. ಐದಾರು ಪರ್ಸೆಂಟ್ ದಾಟಲಿಲ್ಲ. ಹುಡುಗನನ್ನು ಕಣ್ಣು ಮುಚ್ಚಿಸಿ ಕೂರಿಸಿ, ಕಾರ್ಡೂ ಕಡ್ಡಿಯೂ ಬದಲಿಸಿ, ಯಾವುದು ಯಾವುದು ಹೇಳು ಅಂದೆ. ಆರು ಸಲದಲ್ಲಿ ಮೂರು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು, ಅಲ್ವಾ?

ಒಂದು ಸೂಕ್ಷ್ಮ ಇದೆ. ಆರ್‌ಎಕ್ಸ್ 6600 ಪಿಸಿಐಇ ದಾರಿಯ ಎಂಟು ಲೇನ್ ಮಾತ್ರ ಬಳಸುವ ಕಾರ್ಡ್. ನನ್ನ ಬಿ450 ಬೋರ್ಡ್ ಪಿಸಿಐಇ 3.0, ಅವನ ಬಿ660ರಲ್ಲಿ ಅದು ಪೂರ್ತಿ 4.0ರಲ್ಲಿ ಓಡುತ್ತದೆ. ಈ ಕಾರ್ಡಿಗೆ ನನಗೇನೂ ನಷ್ಟ ಕಾಣಲಿಲ್ಲ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಥರ ನಾಲ್ಕೇ ಲೇನಿನ ಕಾರ್ಡನ್ನು ಹಳೇ ಬೋರ್ಡಿಗೆ ಹಾಕಬೇಡಿ, ಚೆನ್ನಾಗಿ ಪೆಟ್ಟು ಬೀಳುತ್ತದೆ.

ದಿನದ ಕೆಲಸದ ಬಗ್ಗೆ ಜಾಸ್ತಿ ಹೇಳೋದಕ್ಕಿಲ್ಲ. ಟ್ಯಾಲಿ, ನುಡಿಯಲ್ಲಿ ಟೈಪಿಂಗ್, ಕ್ರೋಮ್‌ನಲ್ಲಿ ಮೂವತ್ತು ಟ್ಯಾಬ್. ಎರಡೂ ಕೇಳಿದ್ದನ್ನು ಕೇಳಿದ ತಕ್ಷಣ ಕೊಡುತ್ತವೆ. ಕರೆಂಟಿನ ಲೆಕ್ಕ ಮಾತ್ರ ಕುತೂಹಲಕ್ಕೆ ನೋಡಿದೆ. ಗೋಡೆಯ ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿ ನೋಡಿದರೆ, ಸುಮ್ನೆ ಕೂತಿರುವಾಗ ನನ್ನ ರೈಜನ್ ಮಷಿನ್ ಹತ್ತು ಹನ್ನೆರಡು ವ್ಯಾಟ್ ಜಾಸ್ತಿ ಎಳೆಯುತ್ತಿತ್ತು. 5600ರ ಒಳಗೆ ಎರಡು ತುಂಡು ಸಿಲಿಕಾನ್ ಇವೆ. ಕೋರ್‌ಗಳು ಒಂದರಲ್ಲಿ, ಮೆಮೊರಿ ಮತ್ತು ಬಾಕಿ ಸಂಪರ್ಕ ಇನ್ನೊಂದರಲ್ಲಿ. ಇವೆರಡರ ನಡುವಿನ ಮಾತುಕತೆ ಮಷಿನ್ ಸುಮ್ಮನಿದ್ದಾಗಲೂ ಪೂರ್ತಿ ನಿಲ್ಲೋದಿಲ್ಲ. ದಿನಕ್ಕೆ ಹತ್ತು ಗಂಟೆ ಹಾಕಿದರೂ ತಿಂಗಳಿಗೆ ಮೂರೂವರೆ ಯೂನಿಟ್. ಆ ದುಡ್ಡಲ್ಲಿ ನಮ್ಮೂರಲ್ಲಿ ಒಂದು ಬೆಣ್ಣೆ ದೋಸೆಯೂ ಬರಲ್ಲ.

ಇಬ್ಬರ ಬಾಕ್ಸಿನಲ್ಲಿ ಬಂದ ಕೂಲರ್‌ಗಳೂ ಕೆಲಸಕ್ಕೆ ಸಾಕು, ಕಿವಿಗೆ ಸಾಲದು. ಏಪ್ರಿಲ್‌ನಲ್ಲಿ ದಾವಣಗೆರೆ ಬಿಸಿಲಿಗೆ ನನ್ನದು 80 ಡಿಗ್ರಿ ದಾಟಿತು. 5600ಕ್ಕೆ ಮಿತಿ 90 ಡಿಗ್ರಿ, ಇಂಟೆಲ್‌ಗೆ 100. ಆಮೇಲೆ ಒಂದೂವರೆ ಸಾವಿರದ ಟವರ್ ಕೂಲರ್ ಹಾಕಿದೆ, ಫ್ಯಾನಿನ ಅರಚಾಟ ನಿಂತಿತು.

ಆಯುಧ ಪೂಜೆ ದಿನ ಅಕ್ಕ ಎರಡು ಕ್ಯಾಬಿನೆಟ್‌ಗೂ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಳು. ಮುಂದಿನ ಜಾಲರಿಗೆ ಬೇಡ ಕಣೇ, ಫ್ಯಾನ್ ಒಳಗೆ ಎಳೆದುಕೊಳ್ಳುತ್ತೆ ಅಂತ ನಾನು ಗೋಗರೆದೆ. ಹಿಂದಿನ ವಾರವಷ್ಟೇ ಇಂಟೆಲ್‌ನ 14ನೇ ಜನರೇಷನ್ ಬಂದಿತ್ತು. ಹುಡುಗನಿಗೆ ಹೊಟ್ಟೆಯಲ್ಲಿ ಸಂಕಟ. ನಿನ್ನ ಬೋರ್ಡಿಗೇ ಅದೂ ಕೂರುತ್ತೆ, ಬಯಾಸ್ ಅಪ್‌ಡೇಟ್ ಮಾಡಿದರೆ ಆಯಿತು ಅಂದ ಮೇಲೆ ಊಟ ಮಾಡಿದ. ನನ್ನ ಹಳೇ ಬೋರ್ಡಿಗೂ 96 ಎಂಬಿ ಕ್ಯಾಶ್‌ನ 5800ಎಕ್ಸ್3ಡಿ ಹಾಕಬಹುದು. ಆದರೆ ಈ ಕಾರ್ಡ್ ಇರೋವರೆಗೆ ಅದು ದಂಡ. ಹೋಗುವಾಗ ಅವನು ಇನ್ನೊಂದು 16 ಜಿಬಿ ಕಡ್ಡಿ ತಗೊಂಡ. ಈಗ ಮಾಮನಿಗಿಂತ ಸೋದರಳಿಯನ ಹತ್ತಿರ ರ‍್ಯಾಮ್ ಡಬಲ್.

ಮರುವರ್ಷ ಮೇ ತಿಂಗಳಲ್ಲಿ ನನ್ನ ಕಾರ್ಡಿನ ಫ್ಯಾನ್ ನಿಂತಿತು. ಸ್ಕ್ರೀನ್ ತುಂಬಾ ಹಸಿರು ಚೌಕ. ವಾರಂಟಿ ಇತ್ತು, ಕಳಿಸಿದೆ. ಮೂರು ವಾರ ಅಂದರು. ಆಗ ಹೊಳೆಯಿತು, 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಎರಡೂವರೆ ಸಾವಿರಕ್ಕೆ ಮಾರಿದ್ದ 2200ಜಿಯಲ್ಲಿ ಇತ್ತು. ಮಷಿನ್ ಸರಿಯಾಗಿದೆ, ಫ್ಯಾನ್ ತಿರುಗುತ್ತಿದೆ, ಒಳಗಿನ ಟ್ಯಾಲಿ ಡೇಟಾ ಹಾಗೇ ಇದೆ, ಚಿತ್ರ ಮಾತ್ರ ಇಲ್ಲ. 20ನೇ ತಾರೀಕಿಗೆ ಜಿಎಸ್‌ಟಿಯ 3ಬಿ ರಿಟರ್ನ್ ಹಾಕಬೇಕು. ಶಿವಮೊಗ್ಗಕ್ಕೆ ಫೋನ್ ಮಾಡಿದರೆ ಹುಡುಗ ಇನ್ನೂ ಕಾರ್ಡೇ ತಗೊಂಡಿರಲಿಲ್ಲ. ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಚುಚ್ಚಿ, ಸೆಟ್ಟಿಂಗ್ ಕೆಳಗಿಳಿಸಿ ವ್ಯಾಲೊರಂಟ್ ಆಡುತ್ತಾ ಕೂತಿದ್ದ. "ಮಾಮ, ನಂದು ಬರ್ತಿದೆಯಲ್ಲ" ಅಂದ. ನಗು ಕೇಳಿಸಿತು.

ಹೆಂಡತಿಯ ಲ್ಯಾಪ್‌ಟಾಪ್ ಎರಡು ದಿನ ಸಾಲ ತಗೊಂಡೆ. ಮೂರನೇ ದಿನ ಬೈಸಿಕೊಂಡೆ. ಕೊನೆಗೆ ಫ್ಯಾನ್ ಕೂಡ ಇಲ್ಲದ ಸೆಕೆಂಡ್ ಹ್ಯಾಂಡ್ ಜಿಟಿ 710 ಕಾರ್ಡ್ ಒಂದನ್ನು ಸಾವಿರದ ಇನ್ನೂರಕ್ಕೆ ಹುಡುಕಿ ತಂದೆ. ಗೇಮಿಗೆ ಲಾಯಕ್ಕಿಲ್ಲ, ಟ್ಯಾಲಿಗೆ ಧಾರಾಳ. ಆರ್‌ಎಕ್ಸ್ 6600 ವಾಪಸ್ ಬಂದ ಮೇಲೆ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಆ ವರ್ಷದ ಆಯುಧ ಪೂಜೆಗೆ ಹೆಂಡತಿ ಅದನ್ನು ಹೊರಗೆ ತೆಗೆದು ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಳು.