ಗ್ರಹಣವನ್ನು ಮನೆ ಚಾವಡಿಗೇ ತಂದೆವು

ಗ್ರಹಣ ಬಂದಾಗ ನಾವು ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟು ಕಾಯುತ್ತೇವೆ. ಬರುವವರು ಶಾಲೆ ಮಕ್ಕಳು, ಒಂದಷ್ಟು ಗಂಡಸರು. ಗರ್ಭಿಣಿಯರು, ಬಾಣಂತಿಯರು, ಅಜ್ಜಿಯಂದಿರು ಬಾಗಿಲು ಹಾಕಿಕೊಂಡು ಮನೆಯೊಳಗೇ. ಆಕಾಶ ಅವರದ್ದೂ ಹೌದು ಅಲ್ವಾ? 2010ರ ಜನವರಿ ಗ್ರಹಣಕ್ಕೆ ಕೈಯಿಂದ ಎರಡು ಸಾವಿರ ರೂಪಾಯಿಯಷ್ಟು ಹಾಕಿ ಗ್ರಹಣ ನೋಡುವ ಕನ್ನಡಕ ತರಿಸಿದ್ದೆ. ಅರ್ಧದಷ್ಟು ಹಾಗೇ ಉಳಿದವು. ಗೀರು ಬಿದ್ದು ದಂಡವಾದವು.

2019ರ ಡಿಸೆಂಬರ್ 26ರಂದು ಮಂಗಳೂರಿನ ಸುತ್ತ ಪೂರ್ತಿ ಕಂಕಣ ಗ್ರಹಣ, ಅಂದರೆ ಉಂಗುರದಂಥ ಸೂರ್ಯ, ಕಾಣುವುದಿತ್ತು. ಬಾಲ್ ಮಿರರ್ ಹಿಡಿದು ಮನೆ ಮನೆಗೆ ಹೋಗೋಣ ಎಂದೆ. ಚೆಂಡಿನ ಮೇಲೆ ಕನ್ನಡಿ ಚೂರು ಕೂರಿಸಿ, ಬಿಸಿಲನ್ನು ಒಳಗಿನ ಗೋಡೆಗೆ ಬೀಳಿಸಿ ಸೂರ್ಯನ ಬಿಂಬ ತೋರಿಸುವ ಸಾಧನ ಅದು. "ಅಂಗಳಕ್ಕೂ ಬಿಡ್ಲಿಕ್ಕಿಲ್ಲ ಮಾರಾಯ್ರೇ" ಎಂದರು ಜೊತೆಯವರು. ನನಗೆ ಅಂಗಳವೇ ಸಾಕಿತ್ತು. ಕಿಟಕಿ ಮುಚ್ಚಿದ ಮನೆಗಿಂತ ಒಳ್ಳೆಯ ಕತ್ತಲ ಕೋಣೆ ಎಲ್ಲಿ ಸಿಗುತ್ತದೆ? ಬಾಗಿಲು ಒಂದು ಗೇಣು ತೆರೆದರೆ ಆಯಿತು.

ಕನ್ನಡಿ ಚೂರು ಗಾಜಿನಂಗಡಿಯಲ್ಲಿ ಪುಕ್ಕಟೆ ಸಿಕ್ಕಿತು. ಪ್ಲಾಸ್ಟಿಕ್ ಚೆಂಡು, ಒಳಗೆ ಮರಳು. ಒಂದಕ್ಕೆ ಮೂವತ್ತು ರೂಪಾಯಿ ದಾಟಲಿಲ್ಲ. ಗೋಡೆಯಿಂದ ಐದಾರು ಮೀಟರ್ ದೂರದಲ್ಲಿಟ್ಟರೆ ಬರೀ ಮಸುಕು ಬೆಳಕು, ಅಂಚೇ ಸಿಗಲಿಲ್ಲ. ಎರಡು ವಾರ ಅದರಲ್ಲೇ ಹೋಯಿತು. 1 ಸೆಂ.ಮೀ. ತೂತು ಮಾತ್ರ ಬಿಟ್ಟು ಕನ್ನಡಿಯನ್ನು ಮುಚ್ಚಿ, 20 ಮೀಟರ್ ದೂರ ಇಟ್ಟ ಮೇಲೆ ಗೋಡೆಯಲ್ಲಿ ಸುಮಾರು 18 ಸೆಂ.ಮೀ. ಅಗಲದ ಸೂರ್ಯ ಬಂದ. ಎರಡು ನಿಮಿಷಕ್ಕೆ ಬಿಂಬ ತನ್ನಷ್ಟೇ ಅಗಲ ಜರುಗುತ್ತದೆ, ಚೆಂಡನ್ನು ತಿರುಗಿಸುತ್ತಲೇ ಇರಬೇಕು. ಅದು ನಯವಾಗಿ ತಿರುಗಲು ಕೆಳಗೆ ಏನಿಟ್ಟೆ ಎಂಬುದನ್ನು ಬರೆಯುವುದಿಲ್ಲ. ಬಂದರೆ ತೋರಿಸುತ್ತೇನೆ. ಕನ್ನಡಿಯೊಳಗೆ ಯಾರೂ ಇಣುಕದಂತೆ ಪಕ್ಕದಲ್ಲಿ ಒಬ್ಬ ಹುಡುಗ ಕಾವಲಿರಲೇಬೇಕು.

ಗ್ರಹಣದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಇನ್ನೇನು ಐದಾರು ನಿಮಿಷವಿದ್ದಾಗ ಸುಣ್ಣದ ಗೋಡೆಯಲ್ಲಿ ಉಂಗುರ ಕೂಡಿತು. ಕೊಂಚ ಮಸುಕು, ಆದರೆ ಪೂರ್ತಿ ಉಂಗುರ. "ಮಾಷ್ಟ್ರೇ, ಇದು ನಿಜದ್ದಾ, ಟೀವಿಯದ್ದಾ?" ಎಂದು ಆ ಮನೆಯ ತುಂಬು ಗರ್ಭಿಣಿ ಕೇಳಿದರು. "ಕೈ ಅಡ್ಡ ಹಿಡಿದು ನೋಡಮ್ಮ" ಎಂದೆ. ಉಂಗುರ ಅವರ ಅಂಗೈಗೆ ಬಂತು. ಅತ್ತೆಯೂ ಎದ್ದು ಬಂದು ಕೈಯೊಡ್ಡಿದರು. ಹತ್ತು ಹನ್ನೆರಡು ಮನೆಗಳಲ್ಲಿ ನಮ್ಮ ಹೈಸ್ಕೂಲ್ ಮಕ್ಕಳು ಇದನ್ನೇ ತೋರಿಸಿದರು. ನಮ್ಮ ತಾಲೂಕಿನಲ್ಲಿ ಹೀಗೆ ಮಾಡಿದ್ದು ನಾವೇ ಮೊದಲು ಎಂದು ಧೈರ್ಯವಾಗಿ ಹೇಳುತ್ತೇನೆ.

ಅಕ್ಕಿ ಜರಡಿಯನ್ನೂ ಬಿಸಿಲಿಗೆ ಹಿಡಿದಿದ್ದೆವು, ನೆಲದ ತುಂಬ ಕುಡುಗೋಲಿನಂಥ ಪುಟ್ಟ ಪುಟ್ಟ ಸೂರ್ಯಬಿಂಬಗಳು! 2024ರ ಮೇ ತಿಂಗಳಲ್ಲಿ ಸೂರ್ಯನ ಮೇಲೆ ದೊಡ್ಡ ಕಲೆಗಳ ಗುಂಪು ಬಂದಾಗ ತೂತು ಸಣ್ಣದು ಮಾಡಿ, ದೂರ 40 ಮೀಟರ್‌ಗೆ ಏರಿಸಿದೆ. ಮಬ್ಬಾಗಿ ಒಂದು ಚುಕ್ಕೆ ಸಿಕ್ಕಿತು.

2027ರ ಆಗಸ್ಟ್ 2ರ ಸಂಜೆ ನಮಗೆ ಭಾಗಶಃ ಗ್ರಹಣವಿದೆ. ಕರಾವಳಿಯಲ್ಲಿ ಆಗ ಆಟಿ ತಿಂಗಳ ಮಳೆ, ಬಿಸಿಲನ್ನು ನಂಬುವ ಹಾಗಿಲ್ಲ. ಬಯಲುಸೀಮೆಯವರು ಕೇಳಿದರೆ ಚೆಂಡುಗಳನ್ನು ಬಸ್ಸಿಗೆ ಹಾಕಿ ಕಳಿಸುತ್ತೇನೆ. ಪಾರ್ಸೆಲ್ ಖರ್ಚು ನನ್ನದು.